ಇನ್ನೂರು ಸುತ್ತಿನ ಲೆಕ್ಕ: ವೆಂಡೆಲ್ ಸ್ಕಾಟ್ ಗೆದ್ದ ಆ ಒಂದು ರೇಸ್

1963ರ ಡಿಸೆಂಬರ್ 1. ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿ ಕಾರ್ ರೇಸ್ ನಡೆಯುತ್ತಿತ್ತು. ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕ್. 200 ಸುತ್ತು ಓಡಿಸಬೇಕು. ಅಂದರೆ 100 ಮೈಲಿ, ಸುಮಾರು 160 ಕಿಲೋಮೀಟರ್. ಕೊನೆಯ ಸುತ್ತುಗಳಲ್ಲಿ ಎಲ್ಲರಿಗಿಂತ ಮುಂದಿದ್ದದ್ದು 34ನೇ ನಂಬರಿನ ಷೆವರ್ಲೆ. ಅದನ್ನು ಓಡಿಸುತ್ತಿದ್ದವರು ವೆಂಡೆಲ್ ಸ್ಕಾಟ್, ವಯಸ್ಸು 42.

ಅವರ 200ನೇ ಸುತ್ತು ಮುಗಿಯಿತು. ರೇಸ್ ಮುಗಿಯಿತು ಅಂತ ತಿಳಿಸುವ ಬಾವುಟ ಬೀಸಲಿಲ್ಲ. ಇನ್ನೊಂದು ಸುತ್ತು ಹೋದರು. ಆಗಲೂ ಬೀಸಲಿಲ್ಲ. ಮತ್ತೂ ಒಂದು ಸುತ್ತು ಹೊಡೆದರು. ಒಟ್ಟು 202 ಸುತ್ತು. ಕೊನೆಗೂ ಚೌಕುಳಿ ಬಾವುಟ ಬೀಸಿದಾಗ, ಗೆದ್ದವರು ಅಂತ ಮೈಕ್‌ನಲ್ಲಿ ಕೂಗಿದ್ದು ಬಕ್ ಬೇಕರ್ ಹೆಸರನ್ನು. ಸ್ಕಾಟ್‌ಗಿಂತ ಎರಡು ಸುತ್ತು ಹಿಂದಿದ್ದವರು ಬೇಕರ್.

ಎರಡು ಸುತ್ತು ಅಂದರೆ ಒಂದು ಪೂರ್ತಿ ಮೈಲಿ. ಕೂದಲೆಳೆಯ ಅಂತರದಲ್ಲಿ ಯಾರು ಮುಂದೆ ಅಂತ ಗೊಂದಲವಾಗುವುದು ಬೇರೆ. ಒಂದು ಮೈಲಿ ಮುಂದಿದ್ದ ಕಾರು ಲೆಕ್ಕದಿಂದ ಜಾರಿಹೋಗುವುದು ಹೇಗೆ? ಇದಕ್ಕೆ ಒಂದೇ ಸಾಲಿನ ಉತ್ತರ ಕೊಡಬಹುದು. ಸ್ಕಾಟ್ ಕಪ್ಪು ಮನುಷ್ಯ, ಉಳಿದವರೆಲ್ಲ ಬಿಳಿಯರು, ಕಾಲ 1963, ಜಾಗ ಅಮೆರಿಕದ ದಕ್ಷಿಣ. ಉತ್ತರ ಸರಿಯೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಆ ದಿನ ಆಗಿದ್ದೇನು ಅನ್ನುವುದು ಅರ್ಥವಾಗುವುದಿಲ್ಲ. ಸುತ್ತು ಎಣಿಸುವುದು ಹೇಗೆ, ರೇಸ್‌ನಲ್ಲಿ ದುಡ್ಡು ಓಡಾಡುವುದು ಹೇಗೆ, ಬಡ ಡ್ರೈವರ್ ಒಬ್ಬ ಯಾಕೆ ಸದಾ ಹತ್ತನೇ ಜಾಗದಲ್ಲಿರುತ್ತಾನೆ, ಇವೆಲ್ಲ ಗೊತ್ತಾದಾಗಲೇ ಸ್ಕಾಟ್ ಅವರ ಬದುಕು ಪೂರ್ತಿ ಕಾಣುತ್ತದೆ. ಅದಕ್ಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಡ್ಯಾನ್‌ವಿಲ್‌ನ ಹುಡುಗ

ವೆಂಡೆಲ್ ಸ್ಕಾಟ್ ಹುಟ್ಟಿದ್ದು 1921ರ ಆಗಸ್ಟ್ 29ರಂದು, ವರ್ಜೀನಿಯಾ ರಾಜ್ಯದ ಡ್ಯಾನ್‌ವಿಲ್‌ನಲ್ಲಿ. ಬಟ್ಟೆ ಗಿರಣಿ ಮತ್ತು ಹೊಗೆಸೊಪ್ಪಿನ ಊರು ಅದು. ಗುಲಾಮಗಿರಿ ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ಸರ್ಕಾರ 1865ರಲ್ಲಿ ಸೋಲುವ ಮುಂಚೆ ಕೊನೆಗೆ ಬಂದು ಕೂತಿದ್ದೂ ಇದೇ ಊರಿನಲ್ಲಿ. ಸ್ಕಾಟ್ ಬೆಳೆಯುವಾಗ ಅಲ್ಲಿ ಕಪ್ಪು ಜನರಿಗೂ ಬಿಳಿಯರಿಗೂ ಎಲ್ಲವೂ ಬೇರೆ ಬೇರೆ. ಶಾಲೆ ಬೇರೆ, ಹೋಟೆಲ್ ಬೇರೆ, ಬಸ್ಸಿನಲ್ಲಿ ಸೀಟು ಬೇರೆ. ಇದು ಬರೀ ರೂಢಿಯಲ್ಲ, ಕಾನೂನು. ಇಂಥ ಕಾನೂನುಗಳಿಗೆಲ್ಲ ಸೇರಿಸಿ 'ಜಿಮ್ ಕ್ರೋ' ಅಂತ ಹೆಸರು.

ಅವರ ಅಪ್ಪ ಶ್ರೀಮಂತ ಬಿಳಿಯರ ಮನೆಗಳಲ್ಲಿ ಡ್ರೈವರ್ ಮತ್ತು ಮೆಕ್ಯಾನಿಕ್ ಆಗಿದ್ದರು. ಕಾರಿನ ಕೆಲಸ ಮಗನ ಕೈಗೆ ಹತ್ತಿದ್ದು ಅಲ್ಲಿಂದ. ಗಿರಣಿಯಲ್ಲಿ ಯಾರೋ ಮೇಸ್ತ್ರಿಯ ಕೈಕೆಳಗೆ ಜೀವನ ಪೂರ್ತಿ ದುಡಿಯುವುದು ಹುಡುಗನಿಗೆ ಬೇಡವಾಗಿತ್ತು. ಓದು ಅರ್ಧಕ್ಕೆ ಬಿಟ್ಟು ಟ್ಯಾಕ್ಸಿ ಓಡಿಸಿದರು. 1943ರಲ್ಲಿ ಮೇರಿ ಎಂಬುವರನ್ನು ಮದುವೆಯಾದರು. ಎರಡನೇ ಮಹಾಯುದ್ಧಕ್ಕೆ ಸೇನೆ ಸೇರಿ ಯುರೋಪಿಗೆ ಹೋದರು. ಆಗ ಅಮೆರಿಕದ ಸೇನೆಯಲ್ಲೂ ಕಪ್ಪು ಜನರ ತುಕಡಿಗಳು ಬೇರೆ, ಬಿಳಿಯರದು ಬೇರೆ. ಯುದ್ಧ ಮುಗಿಸಿ ಬಂದು ಊರಲ್ಲಿ ಸ್ವಂತ ಗ್ಯಾರೇಜ್ ಹಾಕಿದರು.

ಗ್ಯಾರೇಜ್‌ನಿಂದ ಸಂಸಾರ ಸಾಗುತ್ತಿರಲಿಲ್ಲ. ರಾತ್ರಿ ಹೊತ್ತು ಇನ್ನೊಂದು ಕೆಲಸವಿತ್ತು. ಕಳ್ಳಭಟ್ಟಿ ಸಾಗಿಸುವುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಮೆರಿಕದ ದಕ್ಷಿಣದ ಕಾರ್ ರೇಸಿಂಗ್‌ಗೂ ಕಳ್ಳಭಟ್ಟಿಗೂ ಬಹಳ ಹತ್ತಿರದ ನಂಟು. ಗುಡ್ಡಗಾಡಿನಲ್ಲಿ ತೆರಿಗೆ ಕಟ್ಟದೆ ಕಾಯಿಸಿದ ಸಾರಾಯಿಯನ್ನು ರಾತ್ರೋರಾತ್ರಿ ಪಟ್ಟಣಕ್ಕೆ ತಲುಪಿಸಬೇಕು. ಹಿಂದೆ ಪೊಲೀಸ್ ಬಂದರೆ ತಪ್ಪಿಸಿಕೊಳ್ಳಬೇಕು. ಹಾಗಾಗಿ ಕಾರು ಹೊರಗಿನಿಂದ ಸಾಧಾರಣವಾಗಿ ಕಾಣಬೇಕು, ಒಳಗೆ ಎಂಜಿನ್ ಮಾತ್ರ ಬೆಂಕಿಯಂತಿರಬೇಕು. ಹಿಂದಿನ ಸ್ಪ್ರಿಂಗ್‌ಗಳನ್ನು ಬಿಗಿ ಮಾಡಿಸುತ್ತಿದ್ದರು. ಯಾಕಂದರೆ ಡಿಕ್ಕಿ ತುಂಬ ಸಾರಾಯಿ ಹೇರಿದಾಗ ಕಾರಿನ ಹಿಂಭಾಗ ಕುಸಿದರೆ ಪೊಲೀಸರಿಗೆ ದೂರದಿಂದಲೇ ಸುಳಿವು ಸಿಗುತ್ತದೆ. ಬಿಗಿ ಸ್ಪ್ರಿಂಗ್ ಇದ್ದರೆ ತಿರುವಿನಲ್ಲೂ ಕಾರು ವಾಲುವುದಿಲ್ಲ. 1949ರಲ್ಲಿ ಷಾರ್ಲಟ್‌ನಲ್ಲಿ ನಾಸ್ಕಾರ್ (ಕಾರ್ ರೇಸ್‌ಗಳನ್ನು ನಡೆಸುವ ಅಮೆರಿಕದ ದೊಡ್ಡ ಸಂಸ್ಥೆ) ತನ್ನ ಮೊದಲ 'ಸ್ಟ್ರಿಕ್ಟ್ಲಿ ಸ್ಟಾಕ್' ರೇಸ್ ನಡೆಸಿದಾಗ ಮೊದಲು ಬಂದ ಕಾರನ್ನು ಅನರ್ಹಗೊಳಿಸಿದ್ದು ಇಂಥ ಸ್ಪ್ರಿಂಗ್ ಕಾರಣಕ್ಕೇ. ಅಂಗಡಿಯಿಂದ ತಂದ ಕಾರು ಹೇಗಿರುತ್ತದೋ ಹಾಗೇ ಇರಬೇಕು ಅನ್ನುವುದು ನಿಯಮವಾಗಿತ್ತು. 'ಸ್ಟಾಕ್ ಕಾರ್' ಎಂಬ ಹೆಸರೂ ಹಾಗೇ ಬಂದದ್ದು.

ಸ್ಕಾಟ್ ಅವರನ್ನು ಪೊಲೀಸರು ಎಷ್ಟೋ ಸಲ ಅಟ್ಟಿಸಿಕೊಂಡು ಹೋದರೂ ಹಿಡಿಯಲಾಗಿದ್ದು ಒಂದೇ ಸಲ, 1949ರಲ್ಲಿ. ಜೈಲಾಗಲಿಲ್ಲ, ಮೂರು ವರ್ಷ ನಿಗಾದಲ್ಲಿರಬೇಕು ಅಂತ ತೀರ್ಪಾಯಿತು.

ಪೊಲೀಸರ ಶಿಫಾರಸು

ವಾರದ ಕೊನೆಗೆ ಸ್ಕಾಟ್ ಡ್ಯಾನ್‌ವಿಲ್‌ನ ಜಾತ್ರೆ ಮೈದಾನಕ್ಕೆ ರೇಸ್ ನೋಡಲು ಹೋಗುತ್ತಿದ್ದರು. ಕೂರುವುದು ಕಪ್ಪು ಜನರಿಗೆ ಅಂತ ಬಿಟ್ಟ ಜಾಗದಲ್ಲಿ. 1952ರಲ್ಲಿ ಅಲ್ಲಿ ರೇಸ್ ನಡೆಸುತ್ತಿದ್ದವರು ನಾಸ್ಕಾರ್ ಅಲ್ಲ, ಡಿಕ್ಸಿ ಸರ್ಕ್ಯೂಟ್ ಎಂಬ ಸಣ್ಣ ಸಂಘಟನೆ. ಗಲ್ಲಾಪೆಟ್ಟಿಗೆ ಸೊರಗಿತ್ತು. ಜನ ಸೇರಿಸಬೇಕು, ಏನಾದರೂ ಹೊಸತು ಬೇಕು. ಕಪ್ಪು ಡ್ರೈವರ್ ಒಬ್ಬನನ್ನು ಬಿಳಿಯರ ಜೊತೆ ಓಡಿಸಿದರೆ ಹೇಗೆ ಅಂತ ಯೋಚನೆ ಬಂತು. ಊರಲ್ಲಿ ಚೆನ್ನಾಗಿ ಕಾರು ಓಡಿಸುವ ಕಪ್ಪು ಮನುಷ್ಯ ಯಾರು ಅಂತ ಅವರು ಕೇಳಿದ್ದು ಪೊಲೀಸರನ್ನು. ಪೊಲೀಸರಿಗೆ ಒಬ್ಬರ ಹೆಸರು ಚೆನ್ನಾಗಿ ನೆನಪಿತ್ತು.

ಹೀಗೆ 1952ರ ಮೇ 23ರಂದು ಸ್ಕಾಟ್ ಮೊದಲ ಬಾರಿ ರೇಸ್‌ಗೆ ಇಳಿದರು. ಸ್ಟ್ಯಾಂಡಿನಿಂದ ಕೆಲವರು ಕೂಗಿ ಅವಮಾನ ಮಾಡಿದರು. ಕಾರು ಮಧ್ಯದಲ್ಲೇ ಕೆಟ್ಟಿತು. ಆದರೆ ತನಗೆ ಬೇಕಾದದ್ದು ಇದೇ ಅನ್ನುವುದು ಅವರಿಗೆ ಅಂದೇ ಗೊತ್ತಾಗಿಹೋಯಿತು. ಮಾರನೇ ದಿನವೇ ಕಾರು ರಿಪೇರಿ ಮಾಡಿ ವಿನ್‌ಸ್ಟನ್-ಸೇಲಂಗೆ ಎಳೆದುಕೊಂಡು ಹೋದರು. ಅಲ್ಲಿ ನಾಸ್ಕಾರ್ ರೇಸ್. ಕಪ್ಪು ಮನುಷ್ಯನಿಗೆ ಅವಕಾಶವಿಲ್ಲ ಅಂದರು. ಇನ್ನೊಂದು ಊರಿನಲ್ಲೂ ಹಾಗೇ ವಾಪಸ್ ಕಳಿಸಿದರು.

ಅವರನ್ನು ಹಾಡಿಹೊಗಳುವವರು ಸಾಮಾನ್ಯವಾಗಿ ಧೈರ್ಯದ ಮಾತಾಡುತ್ತಾರೆ. ನನಗೆ ಜಾಸ್ತಿ ಹಿಡಿಸುವುದು ಅವರ ಜಾಣ್ಮೆ. ದೊಡ್ಡ ಬಾಗಿಲು ತೆರೆಯದಿದ್ದಾಗ ಅವರು ಸಣ್ಣ ಸಣ್ಣ ಟ್ರ್ಯಾಕ್‌ಗಳಿಗೆ ತಿರುಗಿದರು. ಮೊದಲ ರೇಸ್ ಆಗಿ ಹನ್ನೆರಡೇ ದಿನಕ್ಕೆ ಲಿಂಚ್‌ಬರ್ಗ್‌ನಲ್ಲಿ ಗೆದ್ದರು. ವಾರಕ್ಕೆ ಹಲವು ರಾತ್ರಿ ಓಡಿಸಿ ಹೆಸರು ಮಾಡಿದರು. ಆಮೇಲೆ ನೇರವಾಗಿ ನಾಸ್ಕಾರ್‌ನ ದೊಡ್ಡ ಅಧಿಕಾರಿಗಳ ಹತ್ತಿರ ಹೋಗಲಿಲ್ಲ. ರಿಚ್ಮಂಡ್‌ನ ಕಾಲು ಮೈಲಿಯ ಮಣ್ಣಿನ ಟ್ರ್ಯಾಕ್‌ನಲ್ಲಿದ್ದ ಮೈಕ್ ಪೋಸ್ಟನ್ ಎಂಬ ಸ್ಥಳೀಯ ಅಧಿಕಾರಿಯ ಹತ್ತಿರ ಹೋಗಿ ಲೈಸೆನ್ಸ್ ಕೇಳಿದರು. ಪೋಸ್ಟನ್ ದೊಡ್ಡ ಮನುಷ್ಯನೇನಲ್ಲ, ಅರೆಕಾಲಿಕ ಕೆಲಸದವರು. ಆದರೆ ಲೈಸೆನ್ಸ್‌ಗೆ ಸಹಿ ಹಾಕುವ ಅಧಿಕಾರ ಅವರಿಗಿತ್ತು. ಹಾಕಿಯೂ ಬಿಟ್ಟರು. ಒಂದು ಸಲ ಕಾರ್ಡ್ ಕೈಗೆ ಬಂದಮೇಲೆ ನಾಸ್ಕಾರ್‌ಗೆ ಇಲ್ಲ ಅನ್ನುವುದು ಕಷ್ಟವಾಯಿತು.

1959ರಲ್ಲಿ ಅವರು ವರ್ಜೀನಿಯಾ ರಾಜ್ಯದ ಸ್ಪೋರ್ಟ್ಸ್‌ಮನ್ ಎಂಬ ಕೆಳಹಂತದ ವಿಭಾಗದ ಚಾಂಪಿಯನ್. ನಾಸ್ಕಾರ್‌ನ ಅತಿ ದೊಡ್ಡ ಸರಣಿಗೆ ಆಗ 'ಗ್ರ್ಯಾಂಡ್ ನ್ಯಾಷನಲ್' ಅಂತ ಹೆಸರು, ಈಗ 'ಕಪ್ ಸೀರೀಸ್' ಅನ್ನುತ್ತಾರೆ. ಅದರಲ್ಲಿ ಅವರು ಮೊದಲು ಓಡಿದ್ದು 1961ರ ಮಾರ್ಚ್ 4ರಂದು, ದಕ್ಷಿಣ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್‌ನಲ್ಲಿ. ಆಗ ಅವರಿಗೆ 39 ವರ್ಷ. ಬಹಳ ಜನ ಡ್ರೈವರ್‌ಗಳು ನಿವೃತ್ತಿ ಬಗ್ಗೆ ಯೋಚಿಸುವ ವಯಸ್ಸು ಅದು. ಆ ವರ್ಷ 23 ರೇಸ್ ಓಡಿಸಿ ಐದರಲ್ಲಿ ಮೊದಲ ಹತ್ತರೊಳಗೆ ಬಂದರು. ವರ್ಷದ ಹೊಸ ಡ್ರೈವರ್ ಅನ್ನುವ ಗೌರವ ಹೋಗಿದ್ದು ಮಾತ್ರ ವುಡಿ ವಿಲ್ಸನ್‌ಗೆ. ವಿಲ್ಸನ್ ಓಡಿಸಿದ್ದು ಐದೇ ರೇಸ್.

ಹತ್ತನೇ ಜಾಗದ ಅರ್ಥಶಾಸ್ತ್ರ

ಸ್ಕಾಟ್ ಅವರ ಒಟ್ಟು ಲೆಕ್ಕ ನೋಡಿ. 1961ರಿಂದ 1973ರವರೆಗೆ 13 ವರ್ಷ. 495 ರೇಸ್. 20 ಸಲ ಮೊದಲ ಐದರೊಳಗೆ. 147 ಸಲ ಮೊದಲ ಹತ್ತರೊಳಗೆ. ಗೆಲುವು ಒಂದು. ಬರೀ ಅಂಕಿ ನೋಡಿದವರು 'ಅಷ್ಟೇನಾ?' ಅಂದುಬಿಡುತ್ತಾರೆ. ನಾನು ಈ ಲೇಖನ ಬರೆಯಲು ಕೂತದ್ದೇ ಆ 'ಅಷ್ಟೇನಾ'ಗೆ ಉತ್ತರ ಕೊಡಬೇಕು ಅಂತ.

ಆ ಕಾಲದಲ್ಲಿ ಡ್ರೈವರ್‌ಗಳಲ್ಲಿ ಎರಡು ಥರ. ಒಂದು, ಕಾರು ಕಂಪನಿಗಳ ಬೆಂಬಲ ಇದ್ದವರು. ಫೋರ್ಡ್, ಕ್ರೈಸ್ಲರ್‌ನಂಥ ಕಂಪನಿಗಳಿಗೆ ರೇಸ್ ಅಂದರೆ ಜಾಹೀರಾತು. ಭಾನುವಾರ ಗೆದ್ದ ಕಾರು ಸೋಮವಾರ ಷೋರೂಮ್‌ನಲ್ಲಿ ಮಾರಾಟವಾಗುತ್ತದೆ ಅನ್ನುವುದು ಅವರ ನಂಬಿಕೆ. ಹಾಗಾಗಿ ಹೊಸ ಎಂಜಿನ್, ಹೊಸ ಟಯರ್, ಸಂಬಳದ ಮೆಕ್ಯಾನಿಕ್‌ಗಳು, ಎಲ್ಲ ಕೊಡುತ್ತಿದ್ದರು. ಇನ್ನೊಂದು ಥರ, ಸ್ವತಂತ್ರ ಡ್ರೈವರ್‌ಗಳು. ಕಾರು ಅವರದೇ, ಸಾಲ ಅವರದೇ, ಕೆಟ್ಟರೆ ರಿಪೇರಿಯೂ ಅವರದೇ. ಸ್ಕಾಟ್ ಕೊನೆಯವರೆಗೂ ಸ್ವತಂತ್ರ ಡ್ರೈವರ್. ಎಷ್ಟು ಚೆನ್ನಾಗಿ ಓಡಿಸಿದರೂ ಯಾವ ದೊಡ್ಡ ಪ್ರಾಯೋಜಕರೂ ಅವರ ಬೆನ್ನಿಗೆ ಗಟ್ಟಿಯಾಗಿ ನಿಲ್ಲಲಿಲ್ಲ. ಕಪ್ಪು ಡ್ರೈವರ್‌ನ ಕಾರಿನ ಮೇಲೆ ತಮ್ಮ ಹೆಸರು ಬರೆಸಿದರೆ ದಕ್ಷಿಣದ ಗಿರಾಕಿಗಳು ಏನಂದಾರು ಅನ್ನುವ ಅಳುಕು.

ಹಾಗಾಗಿ ಅವರು ಕೊಂಡಿದ್ದು ಬೇರೆ ಡ್ರೈವರ್‌ಗಳು ಓಡಿಸಿ ಮಾರಿದ ಕಾರುಗಳನ್ನು. ಗ್ರ್ಯಾಂಡ್ ನ್ಯಾಷನಲ್‌ಗೆ ಇಳಿದ ಮೊದಲ ಷೆವರ್ಲೆ ಬಕ್ ಬೇಕರ್ ಅವರಿಂದ ಕೊಂಡದ್ದು. ಹೌದು, ಜಾಕ್ಸನ್‌ವಿಲ್‌ನಲ್ಲಿ ಗೆದ್ದವರೆಂದು ಕೂಗಿಸಿಕೊಂಡ ಅದೇ ಬೇಕರ್. ಜಾಕ್ಸನ್‌ವಿಲ್‌ನಲ್ಲಿ ಓಡಿಸಿದ 1962ರ ಮಾಡೆಲ್ ಷೆವರ್ಲೆ ಬೆಲ್ ಏರ್, ನೆಡ್ ಜ್ಯಾರೆಟ್ ಎಂಬ ಇನ್ನೊಬ್ಬ ಡ್ರೈವರ್ ಓಡಿಸಿದ್ದ ಕಾರು. ಬಿಡಿಭಾಗಕ್ಕೆ ಗುಜರಿ ಅಂಗಡಿ. ಟಯರ್ ಅಂದರೆ ಬೇರೆಯವರು ಬಳಸಿ ಬಿಟ್ಟದ್ದು. ಮೆಕ್ಯಾನಿಕ್ ಅವರೇ. ಪಿಟ್‌ನಲ್ಲಿ (ರೇಸ್ ಮಧ್ಯೆ ಕಾರು ನಿಲ್ಲಿಸಿ ಟಯರ್ ಬದಲಿಸುವ, ಪೆಟ್ರೋಲ್ ಹಾಕುವ ಜಾಗ) ಕೆಲಸ ಮಾಡುವವರು ಅವರ ಮಕ್ಕಳು, ಜೊತೆಗೆ ಕೆಲವು ಗೆಳೆಯರು. ದಾರಿಯಲ್ಲಿ ಬಿಳಿಯರ ಹೋಟೆಲ್‌ಗಳಲ್ಲಿ ರೂಮ್ ಸಿಗುತ್ತಿರಲಿಲ್ಲ. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೊರಡಬೇಕು, ಗಾಡಿಯಲ್ಲೇ ಮಲಗಬೇಕು.

ಈಗ ಒಬ್ಬ ಸ್ವತಂತ್ರ ಡ್ರೈವರ್‌ನ ಜಾಗದಲ್ಲಿ ಕೂತು ಯೋಚಿಸಿ. ನಿಮ್ಮ ಹತ್ತಿರ ಇರುವುದು ಒಂದೇ ಎಂಜಿನ್. ರೇಸ್ ಮಧ್ಯದಲ್ಲಿ ನೀವು ಎಂಟನೇ ಜಾಗದಲ್ಲಿದ್ದೀರಿ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಆರನೇ ಜಾಗಕ್ಕೆ ಹೋಗಬಹುದು. ಆದರೆ ಎಂಜಿನ್ ಸಿಡಿದರೆ? ಇವತ್ತಿನ ಬಹುಮಾನವೂ ಹೋಯಿತು, ಮುಂದಿನ ವಾರದ ರೇಸೂ ಹೋಯಿತು. ಕಂಪನಿ ಡ್ರೈವರ್‌ಗೆ ಎಂಜಿನ್ ಸಿಡಿದರೆ ಬೇಜಾರು, ಅಷ್ಟೇ. ಸ್ವತಂತ್ರ ಡ್ರೈವರ್‌ಗೆ ಅದು ಮನೆಯ ರೇಷನ್. ಹಾಗಾಗಿ ಅವನು ಕಾರನ್ನು ಉಳಿಸಿಕೊಂಡು ಓಡಿಸುತ್ತಾನೆ. ಮುಂದಿರುವವರಲ್ಲಿ ಕೆಲವರು ಗುದ್ದಿಕೊಂಡು, ಕೆಲವರು ಕೆಟ್ಟು ನಿಲ್ಲುತ್ತಾರೆ. ಇವನು ಸುಮ್ನೆ ಓಡುತ್ತಲೇ ಇರುತ್ತಾನೆ. ಕೊನೆಗೆ ಒಂಬತ್ತೋ ಹತ್ತೋ. ಆ ಜಾಗದ ದುಡ್ಡಿನಲ್ಲಿ ಮುಂದಿನ ಊರಿಗೆ ಪೆಟ್ರೋಲ್.

ಈ ದೃಷ್ಟಿಯಿಂದ ನೋಡಿದರೆ 147 ಎಂಬ ಅಂಕಿಯ ಬಣ್ಣವೇ ಬದಲಾಗುತ್ತದೆ. ಹತ್ತು ರೇಸ್ ಓಡಿಸಿದರೆ ಮೂರರಲ್ಲಿ ಮೊದಲ ಹತ್ತರೊಳಗೆ. ಅದೂ ಗುಜರಿ ಸಾಮಾನಿನಲ್ಲಿ. 1966ರಲ್ಲಿ ಇಡೀ ವರ್ಷದ ಅಂಕಪಟ್ಟಿಯಲ್ಲಿ ಅವರಿಗೆ ಆರನೇ ಸ್ಥಾನ. ಒಂದೂ ಗೆಲುವಿಲ್ಲದೆ ಆರನೇ ಸ್ಥಾನ ಹೇಗೆ ಅಂತ ಕೇಳಬಹುದು. ಅಂಕ ಸಿಗುವುದು ಗೆದ್ದವರಿಗೆ ಮಾತ್ರ ಅಲ್ಲ, ಪ್ರತಿ ರೇಸ್‌ನಲ್ಲೂ ಎಷ್ಟನೆಯವರಾಗಿ ಮುಗಿಸಿದಿರಿ ಅನ್ನುವುದರ ಮೇಲೆ. ಹೆಚ್ಚು ರೇಸ್‌ಗೆ ಹೋಗಿ, ಹೆಚ್ಚು ಸಲ ಕೊನೆ ಮುಟ್ಟಿಸಿದವರು ಮೇಲೇರುತ್ತಾರೆ. ಕಾರನ್ನು ಕೆಡದಂತೆ ನೋಡಿಕೊಳ್ಳುವುದು ಇಲ್ಲಿ ಅರ್ಧ ವಿದ್ಯೆ. ಆ ವಿದ್ಯೆಯಲ್ಲಿ ಸ್ಕಾಟ್ ಅವರನ್ನು ಮೀರಿಸುವವರು ಕಡಿಮೆ.

ಸುತ್ತು ಎಣಿಸುವವರು

ಇನ್ನು ಜಾಕ್ಸನ್‌ವಿಲ್‌ಗೆ ಬರೋಣ.

ಈಗಿನ ರೇಸ್ ಕಾರುಗಳಲ್ಲಿ ಒಂದು ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುತ್ತದೆ. ಟ್ರ್ಯಾಕ್ ಕೆಳಗೆ ಹೂತ ತಂತಿಯ ಮೇಲೆ ಕಾರು ಹಾದಾಗಲೆಲ್ಲ ಸಿಗ್ನಲ್ ಹೋಗುತ್ತದೆ, ಸುತ್ತು ತಾನಾಗಿಯೇ ದಾಖಲಾಗುತ್ತದೆ. 1963ರಲ್ಲಿ ಅದೆಲ್ಲ ಇರಲಿಲ್ಲ. ಎಣಿಸುವುದು ಮನುಷ್ಯರು. ಒಂದೊಂದು ಕಾರಿಗೂ ಒಬ್ಬರು ಲೆಕ್ಕದವರು. ಕೈಯಲ್ಲಿ ಒಂದು ಕಾರ್ಡ್, ಎದುರಿಗೆ ಒಂದು ಗಡಿಯಾರ. ತಮ್ಮ ಕಾರು ಗೆರೆ ದಾಟಿದಾಗಲೆಲ್ಲ ಗಡಿಯಾರ ನೋಡಿ ಕಾರ್ಡ್‌ನ ಮುಂದಿನ ಮನೆಯಲ್ಲಿ ಸಮಯ ಬರೆಯಬೇಕು. ಊರಿನ ಕ್ರಿಕೆಟ್ ಪಂದ್ಯದಲ್ಲಿ ಸ್ಕೋರ್ ಬುಕ್ ಬರೆದವರಿಗೆ ಇದರ ಕಷ್ಟ ಗೊತ್ತಿರುತ್ತದೆ. ಒಂದು ಬಾಲ್ ತಪ್ಪಿಸಿಕೊಂಡರೆ ಕೊನೆಯವರೆಗೂ ಲೆಕ್ಕ ಕೂಡುವುದಿಲ್ಲ.

ಇಲ್ಲಂತೂ ಅರ್ಧ ಮೈಲಿಯ ಟ್ರ್ಯಾಕ್. ಅರ್ಧ ನಿಮಿಷಕ್ಕೊಮ್ಮೆ ಕಾರು ಎದುರಿಗೆ ಬಂದು ಹೋಗುತ್ತದೆ. ಮಣ್ಣಿನ ನೆಲ ಒಣಗುತ್ತಾ ಬಂದ ಹಾಗೆ ಧೂಳು ಏಳುತ್ತದೆ. ಕಾರುಗಳ ನಂಬರಿನ ಮೇಲೆ ಕೆಸರು ಮೆತ್ತಿರುತ್ತದೆ. ಯಾರಾದರೂ ಪಿಟ್‌ಗೆ ಹೋಗಿ ಬಂದರೆ ಮುಂದಿದ್ದವರು ಹಿಂದೆ, ಹಿಂದಿದ್ದವರು ಮುಂದೆ. ಕಣ್ಣಿಗೆ ಕಾಣುವ ಸಾಲಿಗೂ ನಿಜವಾದ ಸ್ಥಾನಕ್ಕೂ ಸಂಬಂಧವೇ ಇರುವುದಿಲ್ಲ. ಹಾಗಾಗಿ ಆ ಕಾಲದಲ್ಲಿ ಲೆಕ್ಕ ತಪ್ಪುವುದು ಅಪರೂಪವೇನಲ್ಲ. ಬಿಳಿಯ ಡ್ರೈವರ್‌ಗಳೂ ತಕರಾರು ಹೇಳಿ ಕಾರ್ಡ್ ಮತ್ತೆ ನೋಡಿಸಿದ ಉದಾಹರಣೆಗಳಿವೆ. ನಾಸ್ಕಾರ್‌ನ ಮೊದಲ ಡೇಟೋನಾ 500 ರೇಸ್, 1959ರದು, ಅದರಲ್ಲೂ ಮೊದಲು ಒಬ್ಬರನ್ನು ವಿಜೇತ ಎಂದು ಘೋಷಿಸಿ, ಮೂರು ದಿನ ಫೋಟೋ ಮತ್ತು ಫಿಲ್ಮ್ ನೋಡಿದ ಮೇಲೆ ಲೀ ಪೆಟ್ಟಿ ಗೆದ್ದರು ಅಂದರು.

ಇದನ್ನು ಹೇಳುವುದು ಅಧಿಕಾರಿಗಳನ್ನು ಸಮರ್ಥಿಸಲು ಅಲ್ಲ. ತಪ್ಪು ಆಗುವ ಜಾಗ ಎಲ್ಲಿತ್ತು ಅಂತ ತೋರಿಸಲು. ಆ ಜಾಗ ಇದ್ದದ್ದರಿಂದಲೇ, ಬೇಕಂತ ಮಾಡಿದ ತಪ್ಪನ್ನು ಕೈತಪ್ಪು ಅನ್ನಲು ಸಾಧ್ಯವಿತ್ತು.

ಆ ಭಾನುವಾರ ರಿಚರ್ಡ್ ಪೆಟ್ಟಿ ಮುಂದಿದ್ದರು. ಲೀ ಪೆಟ್ಟಿ ಅವರ ಮಗ, ಮುಂದೆ ಏಳು ಸಲ ಚಾಂಪಿಯನ್ ಆದವರು. ಅವರ ಕಾರು ತೊಂದರೆ ಕೊಡಲು ಶುರುಮಾಡಿತು. ಇನ್ನು 25 ಸುತ್ತು ಬಾಕಿ ಇರುವಾಗ ಸ್ಕಾಟ್ ಪೆಟ್ಟಿಯವರನ್ನು ದಾಟಿದರು. ಅಲ್ಲಿಂದ ಮುಂದೆ ಯಾರೂ ಸ್ಕಾಟ್ ಅವರನ್ನು ದಾಟಲಿಲ್ಲ. ಬೇಕರ್ ಎರಡು ಸುತ್ತು ಹಿಂದೆ. ನಿಯಮದ ಪ್ರಕಾರ ಯಾರು ಮೊದಲು 200 ಸುತ್ತು ಮುಗಿಸುತ್ತಾರೋ ಅವರಿಗೆ ಬಾವುಟ ಬೀಸಬೇಕು. ಅಧಿಕಾರಿಗಳ ಹಾಳೆಯ ಪ್ರಕಾರ ಸ್ಕಾಟ್ ಅವರ 200 ಇನ್ನೂ ಆಗಿರಲಿಲ್ಲ. ಬೇಕರ್ ಅವರ 200 ಆದಾಗ ಬಾವುಟ ಬಿತ್ತು. ಅಷ್ಟರಲ್ಲಿ ಸ್ಕಾಟ್ ಅವರದು 202 ಆಗಿತ್ತು. ಎರಡು ಸುತ್ತಿನ ಮುನ್ನಡೆಗೂ ಎರಡು ಹೆಚ್ಚುವರಿ ಸುತ್ತಿಗೂ ಇರುವ ಸಂಬಂಧ ಇಷ್ಟೇ.

ಬೇಕರ್ ಟ್ರೋಫಿ ತೆಗೆದುಕೊಂಡರು. ಸ್ಕಾಟ್ ತಕರಾರು ಹೇಳಿದರು. ಕಾರ್ಡ್‌ಗಳನ್ನು ಮತ್ತೆ ನೋಡಬೇಕು ಅಂತ ಪಟ್ಟು ಹಿಡಿದರು. ಜನವೆಲ್ಲ ಮನೆಗೆ ಹೋದಮೇಲೆ, ಸ್ಟ್ಯಾಂಡ್ ಖಾಲಿಯಾದಮೇಲೆ, ಸ್ಕಾಟ್ ಹೇಳಿದ್ದೇ ಸರಿ ಅಂತ ಒಪ್ಪಿಕೊಂಡರು. ಬಹುಮಾನದ 1,000 ಡಾಲರ್ ಅವರಿಗೇ ಸೇರಿತು. ಟ್ರೋಫಿ ಅಷ್ಟು ಹೊತ್ತಿಗೆ ಬೇಕರ್ ಜೊತೆ ಹೊರಟುಹೋಗಿತ್ತು.

ದುಡ್ಡು ಕೊಟ್ಟರಲ್ಲ, ಮತ್ತೇನು ತಕರಾರು ಅನ್ನಬಹುದು. ಗೆದ್ದವರನ್ನು ಆ ಕಾಲದಲ್ಲಿ ಹೇಗೆ ಗೌರವಿಸುತ್ತಿದ್ದರು ಅಂತ ನೆನಪಿಸಿಕೊಳ್ಳಿ. ಸಾವಿರಾರು ಜನರ ಎದುರು ಟ್ರೋಫಿ. ಪಕ್ಕದಲ್ಲಿ ಒಬ್ಬಳು ಸುಂದರಿ, ಗೆದ್ದವನ ಕೆನ್ನೆಗೆ ಮುತ್ತು ಕೊಡುವುದು ರೂಢಿ. ಸುಂದರಿ ಯಾವಾಗಲೂ ಬಿಳಿಯವಳು. 1963ರ ದಕ್ಷಿಣದಲ್ಲಿ ಕಪ್ಪು ಗಂಡಸು, ಬಿಳಿಯ ಹೆಣ್ಣು, ತುಂಬಿದ ಸ್ಟ್ಯಾಂಡ್, ಮುತ್ತು. ಆ ಚಿತ್ರ ಪತ್ರಿಕೆಯಲ್ಲಿ ಬರುವುದು ಯಾರಿಗೂ ಬೇಕಿರಲಿಲ್ಲ ಅನ್ನುವುದು ಸ್ಕಾಟ್ ಅವರ ಗಟ್ಟಿ ನಂಬಿಕೆ. ಅವರು ಸಾಯುವವರೆಗೂ ಅದನ್ನೇ ಹೇಳಿದರು. ನನಗೂ ಅದೇ ನಿಜ ಅನ್ನಿಸುತ್ತದೆ. ಯಾಕಂದರೆ ಆ ವರ್ಷ ಯಾವ ವರ್ಷ ಅಂತ ನೋಡಿ. ಜೂನ್ 10ರಂದು ಸ್ಕಾಟ್ ಅವರ ಊರು ಡ್ಯಾನ್‌ವಿಲ್‌ನಲ್ಲೇ ಸಮಾನ ಹಕ್ಕು ಕೇಳಿದವರ ಮೇಲೆ ಪೊಲೀಸರು ಬೆಂಕಿ ಆರಿಸುವ ಪೈಪಿನಿಂದ ನೀರು ಹಾಯಿಸಿ, ದೊಣ್ಣೆಯಿಂದ ಹೊಡೆದಿದ್ದರು. ರೇಸ್‌ಗೆ ಒಂಬತ್ತು ದಿನ ಮುಂಚೆ ಅಧ್ಯಕ್ಷ ಕೆನಡಿ ಅವರ ಕೊಲೆಯಾಗಿತ್ತು. ಬೇರ್ಪಡಿಸುವ ಪದ್ಧತಿಗೆ ಕಾನೂನಿನಲ್ಲಿ ಅಂತ್ಯ ಹಾಡಿದ ನಾಗರಿಕ ಹಕ್ಕುಗಳ ಕಾಯ್ದೆ ಬರಲು ಇನ್ನೂ ಏಳು ತಿಂಗಳಿತ್ತು.

ನನ್ನನ್ನು ಜಾಸ್ತಿ ಕಾಡುವುದು ಟ್ರೋಫಿಯಲ್ಲ. ಟ್ರೋಫಿಯನ್ನು ಆಮೇಲೂ ಕೊಡಬಹುದು, ದುಡ್ಡನ್ನು ಆಮೇಲೂ ಎಣಿಸಬಹುದು. ಜನರನ್ನು ಮತ್ತೆ ಸ್ಟ್ಯಾಂಡಿಗೆ ಕರೆತರಲು ಆಗುವುದಿಲ್ಲ. ಅವತ್ತು ಟಿಕೆಟ್ ಕೊಂಡು ಬಂದವರೆಲ್ಲ ಬೇಕರ್ ಗೆದ್ದರು ಅಂತಲೇ ಮನೆಗೆ ಹೋದರು.

ತಾಲ್ಲಡೇಗಾ

ಸ್ಕಾಟ್ ಮುಂದಿನ ವಾರಗಳಲ್ಲೂ ರೇಸ್‌ಗೆ ಹೋದರು. ಆ ಗೆಲುವು ಯಾವ ಬಾಗಿಲನ್ನೂ ತೆರೆಯಲಿಲ್ಲ. 1964ರಲ್ಲಿ 50ಕ್ಕೂ ಹೆಚ್ಚು ರೇಸ್ ಓಡಿಸಿ ವರ್ಷದ ಪಟ್ಟಿಯಲ್ಲಿ 12ನೇ ಸ್ಥಾನ. ಆಮೇಲಿನ ನಾಲ್ಕು ವರ್ಷ ಕ್ರಮವಾಗಿ 11, 6, 10, 9ನೇ ಸ್ಥಾನ. ವರ್ಷ ಕಳೆದ ಹಾಗೆ ಮಣ್ಣಿನ ಟ್ರ್ಯಾಕ್‌ಗಳು ಕಡಿಮೆಯಾದವು, ದೊಡ್ಡ ಡಾಂಬರು ಟ್ರ್ಯಾಕ್‌ಗಳು ಬಂದವು. ಅಲ್ಲಿ ಕೈಚಳಕಕ್ಕಿಂತ ಎಂಜಿನ್ನಿನ ಶಕ್ತಿ ಮುಖ್ಯ. ಅಂದರೆ ದುಡ್ಡು ಮುಖ್ಯ. ಸ್ವತಂತ್ರ ಡ್ರೈವರ್‌ಗಳಿಗೆಲ್ಲ ಇದು ಕಷ್ಟದ ಕಾಲ.

1973ರಲ್ಲಿ ಅವರು ಸಾಲ ಮಾಡಿ ಒಳ್ಳೆಯ ಮರ್ಕ್ಯುರಿ ಕಾರು ಕೊಂಡರು. ಒಂದು ಸಲವಾದರೂ ಉಳಿದವರಿಗೆ ಸರಿಸಾಟಿಯಾದ ಕಾರಿನಲ್ಲಿ ಓಡಬೇಕು ಅನ್ನುವ ಆಸೆ. ಮೇ ತಿಂಗಳಲ್ಲಿ ಅಲಬಾಮಾದ ತಾಲ್ಲಡೇಗಾದಲ್ಲಿ ರೇಸ್. 2.66 ಮೈಲಿಯ ಬೃಹತ್ ಟ್ರ್ಯಾಕ್, 60 ಕಾರು. ರೇಸ್ ಶುರುವಾಗಿ ಹತ್ತು ಸುತ್ತಾಗುವಷ್ಟರಲ್ಲಿ ಮುಂದಿದ್ದ ಒಂದು ಕಾರಿನ ಎಂಜಿನ್ ಒಡೆದು ಟ್ರ್ಯಾಕ್ ಮೇಲೆ ಆಯಿಲ್ ಚೆಲ್ಲಿತು. ಹಿಂದಿನವು ಜಾರಿ ಒಂದಕ್ಕೊಂದು ಗುದ್ದಿಕೊಂಡವು. ಆ ರಾಶಿಯಲ್ಲಿ ಸ್ಕಾಟ್ ಅವರ ಮರ್ಕ್ಯುರಿ ನುಜ್ಜುಗುಜ್ಜಾಯಿತು. ಪಕ್ಕೆಲುಬು, ಸೊಂಟದ ಮೂಳೆ ಮುರಿದವು, ಕಾಲಿಗೂ ಏಟಾಯಿತು. ಕಾರು ಹೋಯಿತು, ಸಾಲ ಉಳಿಯಿತು. ಅಕ್ಟೋಬರ್‌ನಲ್ಲಿ ಷಾರ್ಲಟ್‌ನಲ್ಲಿ ಒಂದು ರೇಸ್ ಓಡಿಸಿ 12ನೆಯವರಾಗಿ ಮುಗಿಸಿದರು. ಅದೇ ಕೊನೆ. ಮತ್ತೆ ಡ್ಯಾನ್‌ವಿಲ್‌ನ ಗ್ಯಾರೇಜ್. 1977ರಲ್ಲಿ ಅವರ ಬದುಕಿನ ಮೇಲೆ ಹಾಲಿವುಡ್ ಸಿನಿಮಾ ಬಂತು. 1990ರ ಡಿಸೆಂಬರ್ 23ರಂದು ಬೆನ್ನುಮೂಳೆಯ ಕ್ಯಾನ್ಸರ್‌ನಿಂದ ತೀರಿಕೊಂಡರು, 69ನೇ ವಯಸ್ಸಿನಲ್ಲಿ.

ಗೌರವಗಳು ಆಮೇಲೆ ಒಂದೊಂದಾಗಿ ಬಂದವು. 2010ರಲ್ಲಿ ಜಾಕ್ಸನ್‌ವಿಲ್ ಟ್ರೋಫಿಯ ಒಂದು ಪ್ರತಿಕೃತಿಯನ್ನು ಅವರ ಕುಟುಂಬಕ್ಕೆ ಕೊಟ್ಟರು. 2013ರಲ್ಲಿ ಡ್ಯಾನ್‌ವಿಲ್‌ನಲ್ಲಿ ಅವರ ಹೆಸರಿನ ಫಲಕ ನಿಲ್ಲಿಸಿದರು. 2015ರಲ್ಲಿ ನಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು, ಅಲ್ಲಿಗೆ ಹೋದ ಮೊದಲ ಕಪ್ಪು ಡ್ರೈವರ್ ಅವರೇ. ನಾಸ್ಕಾರ್ ತಾನೇ ಮುಂದೆ ಬಂದು ಕುಟುಂಬದ ಕೈಗೆ ಟ್ರೋಫಿ ಕೊಟ್ಟದ್ದು 2021ರ ಆಗಸ್ಟ್ 28ರಂದು, ಡೇಟೋನಾ ಟ್ರ್ಯಾಕ್‌ನಲ್ಲಿ. ಸ್ಕಾಟ್ ಬದುಕಿದ್ದರೆ ಮಾರನೇ ದಿನ ಅವರಿಗೆ ನೂರು ತುಂಬುತ್ತಿತ್ತು. ಈ ಸಲ ಸ್ಟ್ಯಾಂಡಿನಲ್ಲಿ ಜನ ಇದ್ದರು.

ಅದಾಗಿ ಐದು ವಾರಕ್ಕೆ, ಅಕ್ಟೋಬರ್ 4ರಂದು, ಸ್ಕಾಟ್ ಅವರ ಮೈ ಮುರಿದ ಅದೇ ತಾಲ್ಲಡೇಗಾದಲ್ಲಿ 23ನೇ ನಂಬರಿನ ಕಾರು ಮುಂದಿತ್ತು. ಓಡಿಸುತ್ತಿದ್ದವರು ಬಬ್ಬಾ ವಾಲೆಸ್. ನಾಸ್ಕಾರ್‌ನ ಅತಿ ದೊಡ್ಡ ಸರಣಿಯಲ್ಲಿ ಸ್ಕಾಟ್ ಅವರ ನಂತರ ಯಾವ ಕಪ್ಪು ಡ್ರೈವರ್ ಕೂಡ ಗೆದ್ದಿರಲಿಲ್ಲ. 188 ಸುತ್ತಿನ ರೇಸ್‌ನಲ್ಲಿ 117 ಸುತ್ತಾದಾಗ ಮಳೆ ಬಂತು. ಕಾರುಗಳನ್ನು ನಿಲ್ಲಿಸಿದರು. ವಾಲೆಸ್ ಕಾರಿನಿಂದ ಇಳಿದು ಕಾದರು. ಮಳೆ ಬಿಡಲಿಲ್ಲ. ಮುಂದಿದ್ದವರು ಯಾರು ಅಂತ ಯಂತ್ರದ ಲೆಕ್ಕದಲ್ಲಿತ್ತು. ಅಧಿಕಾರಿಗಳು ವಾಲೆಸ್ ಹೆಸರು ಹೇಳಿದರು. ಟ್ರೋಫಿಯನ್ನು ಅವತ್ತೇ, ಅಲ್ಲೇ, ಅವರ ಕೈಗೆ ಕೊಟ್ಟರು.